ಸಕ್ಕರೆ ಬಳೆ

ಅಪೂರ್ವ ಒಳ್ಳೆ ಹುಡುಗಿ. ಓದಿನಲ್ಲಿ ಚುರುಕು, ಕೆಲಸದಲ್ಲಿ ಅಚ್ಚುಕಟ್ಟು, ಯಾರ ತಂಟೆಗೂ ಹೋಗುವವಳಲ್ಲ. ಆದರೆ ಆ ಬಾಯಿ ಇದೆಯಲ್ಲ, ಅದಕ್ಕೆ ಅಗುಳಿ ಇಡೋದನ್ನೇ ದೇವರು ಮರೆತುಬಿಟ್ಟಿದ್ದ. ಇಲ್ಲದಿದ್ದರೆ ಆವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ಅಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ.

ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಕೋಣೆಯೊಳಗೆ ಬಂದಳು. ಮಂಚದ ಮೇಲೆ ಅವಳ ತಾತ ಸುಂದರೇಶ ಮೇಷ್ಟ್ರು ದಿಂಬಿಗೆ ಒರಗಿ ಕೂತು ಏದುಸಿರು ಬಿಡುತ್ತಿದ್ದರು. ಅಜ್ಜಿ ಚೂಡಾಮಣಿ ಪಕ್ಕದ ಸ್ಟೂಲಿನ ಮೇಲೆ ಕೂತು ಅವರ ಬೆನ್ನು ನೀವುತ್ತಿದ್ದರು. ಸಿಸ್ಟರ್ ಸಿಂಚನ ಡ್ರಿಪ್ಪಿನ ಬಾಟಲಿಗೆ ಔಷಧಿ ಬೆರೆಸಿ, ಕಂಬಕ್ಕೆ ತೂಗುಹಾಕಿ, ಇನ್ನೇನು ಕೊಳವೆಯನ್ನು ಮೇಷ್ಟ್ರ ಕೈಯಲ್ಲಿದ್ದ ಸೂಜಿಗೆ ಜೋಡಿಸಬೇಕು. ಅಷ್ಟರಲ್ಲಿ ಅಪೂರ್ವ ಟ್ರೇಯಲ್ಲಿ ಬಿದ್ದಿದ್ದ ಔಷಧಿಯ ಖಾಲಿ ಡಬ್ಬಿ ಎತ್ತಿಕೊಂಡು ಅದರ ಮೇಲಿನ ಸಣ್ಣಕ್ಷರ ಓದಿದಳು. ಓದಿದವಳ ಮುಖ ಇಷ್ಟಗಲ ಆಯಿತು.

"ತಾತ! ಇದರಲ್ಲಿರೋದು ನಮ್ಮ ಬಳೆ! ಸಕ್ಕರೆ ಬಳೆ! ನೀವೇ ಹೆಸರಿಟ್ರಲ್ಲ, ಅದೇ! ಈಗ ನಿಮ್ಮ ಮೈಯೊಳಗೇ ಹೋಗುತ್ತೆ ನೋಡಿ!"

ಮೇಷ್ಟ್ರು ಸರಕ್ಕನೆ ಕೈ ಹಿಂದಕ್ಕೆ ಎಳೆದುಕೊಂಡರು.

"ಇದರಲ್ಲಿ ಸಕ್ಕರೆ ಇದೆಯಾ?"

"ಹೂಂ ತಾತ. ಅದಿಲ್ಲದಿದ್ರೆ ಈ ಔಷಧಿ ನೀರಿಗೆ ಕರಗೋದೇ ಇಲ್ಲ."

"ಹಾಗಾದ್ರೆ ಬೇಡ," ಅಂದರು ಮೇಷ್ಟ್ರು. ಕೈಯನ್ನು ಶಾಲಿನೊಳಗೆ ಸೇರಿಸಿಕೊಂಡು ಗೋಡೆ ಕಡೆ ತಿರುಗಿದರು. "ತಗೊಂಡು ಹೋಗಮ್ಮ ಅದನ್ನ."

ಆ 'ಬೇಡ' ಎಲ್ಲಿಂದ ಬಂತು ಅಂತ ಆ ಕೋಣೆಯಲ್ಲಿ ಗೊತ್ತಿದ್ದದ್ದು ಚೂಡಾಮಣಿಯವರೊಬ್ಬರಿಗೇ. ಮೊಮ್ಮಗಳ ತಲೆಗೊಂದು ಮೊಟಕಬೇಕು ಅನ್ನಿಸಿತು. ಆದರೆ ಪಾಪ, ಅದಕ್ಕೇನು ಗೊತ್ತು?

ಮೇಷ್ಟ್ರಿಗೆ ಮಳೆಗಾಲದಲ್ಲಿ ಹಿಡಿದ ಕೆಮ್ಮು ಬಿಟ್ಟೇ ಇರಲಿಲ್ಲ. ಮೊದಲು ನ್ಯುಮೋನಿಯಾ ಅಂದರು. ಅದಕ್ಕೆ ಕೊಟ್ಟ ಔಷಧಿಗೆ ಮೈಯಲ್ಲಿ ಅಡಗಿ ಕೂತಿದ್ದ ಸಕ್ಕರೆ ಕಾಯಿಲೆ ತಲೆ ಎತ್ತಿತು. ಅದರ ಬೆನ್ನಿಗೇ ಶ್ವಾಸಕೋಶಕ್ಕೆ ಬೂಷ್ಟು. "ಹಳೇ ಉಪ್ಪಿನಕಾಯಿ ಜಾಡಿಲಿ ಕಟ್ಟಲ್ವಾ, ಅದರ ನೆಂಟನೇ ಅಂದ್ಕೊಳಿ," ಅಂತ ಡಾಕ್ಟರ್ ಲಿಂಗರಾಜು ಬಿಡಿಸಿ ಹೇಳಿದ್ದರು. "ನಮ್ಮನೆ ಉಪ್ಪಿನಕಾಯಿಗೆ ಯಾವತ್ತೂ ಬೂಷ್ಟು ಹಿಡಿದಿಲ್ಲ," ಅಂತ ಚೂಡಾಮಣಿ ಅಷ್ಟು ಸಂಕಟದಲ್ಲೂ ಸಿಡುಕಿದ್ದರು. ಕುವೆಂಪುನಗರದ ಆ ಬೀದಿಯಲ್ಲೆಲ್ಲ ಅವರ ಉಪ್ಪಿನಕಾಯಿಗೆ ಹೆಸರಿತ್ತು, ಸುಮ್ಮನಿರೋದು ಹ್ಯಾಗೆ?

ಸಕ್ಕರೆ ಕಾಯಿಲೆ ಬಂದದ್ದಂತೂ ನಗಬೇಕೋ ಅಳಬೇಕೋ ತಿಳಿಯದ ಸಂಗತಿ. ಮೇಷ್ಟ್ರು ಸಕ್ಕರೆ ಮುಟ್ಟಿ ಇಪ್ಪತ್ತು ವರ್ಷದ ಮೇಲಾಗಿತ್ತು. ಸಕ್ಕರೆ ಇಲ್ಲ, ಬೆಲ್ಲ ಇಲ್ಲ, ಜೇನುತುಪ್ಪವೂ ಇಲ್ಲ. ಹಣ್ಣು, ಹಾಲು, ಅನ್ನಕ್ಕೆ ಅಡ್ಡಿಯಿಲ್ಲ. ಸಿಹಿ ಅಂತ ಜನ ಹೆಸರಿಟ್ಟು ಕರೆಯೋದು ಯಾವುದೂ ಕೂಡದು. ಕಾಶಿಯಲ್ಲಿ ಬಿಟ್ಟು ಬಂದದ್ದು, ಅಂತ ಎಲ್ಲರಿಗೂ ಗೊತ್ತು. ಆದರೆ ಕಾಶಿಯಲ್ಲಿ ಬಿಟ್ಟದ್ದನ್ನು ಆಮೇಲೆ ಮೆಲ್ಲಗೆ ಹಿಡಿದುಕೊಂಡವರು ಮೈಸೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ಆ ಕಾಶಿಯ ಮಾತು ಮನೆಯವರಿಗೆ ಮರೆತೇ ಹೋಗಿತ್ತು. ತಾತನಿಗೆ ಸಿಹಿ ಸೇರೋದಿಲ್ಲ, ಅಷ್ಟೆ ಅಂದುಕೊಂಡಿದ್ದರು. ಅಪೂರ್ವ ಚಿಕ್ಕವಳಿದ್ದಾಗ ಅವರಿಗೆ 'ಸಪ್ಪೆ ತಾತ' ಅಂತಲೇ ಹೆಸರಿಟ್ಟಿದ್ದಳು.

ಇನ್ನು ಆ ಬಳೆಯ ವಿಷಯ. ಅಪೂರ್ವ ಔಷಧ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಅವಳ ಕೆಲಸವೆಲ್ಲ ಸೈಕ್ಲೋಡೆಕ್ಸ್‌ಟ್ರಿನ್ ಅನ್ನೋ ವಸ್ತುವಿನ ಮೇಲೆ. ಹಿಂದಿನ ವರ್ಷ ಕಾಲೇಜಿನಲ್ಲಿ ಕನ್ನಡದಲ್ಲೇ ಉಪನ್ಯಾಸ ಕೊಡಬೇಕಾಗಿ ಬಂದಾಗ ತಾತನ ಹತ್ತಿರ ಓಡಿ ಬಂದಳು. "ತಾತ, ಇದಕ್ಕೊಂದು ಕನ್ನಡದ ಹೆಸರು ಬೇಕು." ಮೇಷ್ಟ್ರು ಜೀವಮಾನವೆಲ್ಲ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವರು. ಸುಮ್ಮನೆ ಒಂದು ಪದ ಎಸೆದು ಕಳಿಸೋ ಪೈಕಿ ಅಲ್ಲ. "ಮೊದಲು ಅದೇನು ಅಂತ ನನಗೆ ತಿಳಿಯೋ ಹಾಗೆ ಹೇಳು. ಆಮೇಲೆ ಹೆಸರು," ಅಂದರು.

ಅವಳು ವರಾಂಡದಲ್ಲಿ ಕೂತು ಹೇಳಿದಳು. ಗ್ಲೂಕೋಸಿನ ಕಣಗಳು, ಏಳೋ ಎಂಟೋ, ಮಕ್ಕಳು ಕೈಕೈ ಹಿಡಿದು ಸುತ್ತ ನಿಂತ ಹಾಗೆ ನಿಂತಿರುತ್ತವೆ. ಮಧ್ಯೆ ಟೊಳ್ಳು. ಹೊರಮೈಗೆ ನೀರು ಕಂಡರೆ ಪ್ರಾಣ, ಒಳಮೈಗೆ ನೀರು ಕಂಡರೆ ಆಗದು. ಎಷ್ಟೋ ಔಷಧಿಗಳಿಗೂ ನೀರು ಕಂಡರೆ ಆಗದು, ಕರಗೋದಿಲ್ಲ, ರಕ್ತಕ್ಕೆ ಬಿಟ್ಟರೆ ಗಂಟು ಕಟ್ಟಿ ಕೂರುತ್ತವೆ. ಅಂಥ ಔಷಧಿಯನ್ನು ಈ ಟೊಳ್ಳಿನಲ್ಲಿ ಕೂರಿಸಿಬಿಟ್ಟರೆ ಜುಮ್ಮಂತ ಸವಾರಿ ಹೊರಡುತ್ತದೆ. ಹೋಗಬೇಕಾದ ಕಡೆ ಇಳಿದುಕೊಳ್ಳುತ್ತದೆ. ಇಳಿಸಿದ ಮೇಲೆ ಈ ಖಾಲಿ ಸುತ್ತು ಮೂತ್ರದಲ್ಲಿ ಹೊರಟುಹೋಗುತ್ತದೆ.

"ಉಂಗುರ ಅನ್ನೋಣವಾ ತಾತ?"

"ಉಂಗುರ ಹಾಕ್ಕೊಂಡ್ರೆ ಬೆರಳಲ್ಲೇ ಉಳಿಯುತ್ತೆ. ಇದು ಹೋಗಿ, ಬಿಟ್ಟು, ಬರೋದು. ಬಳೆ ಅನ್ನು. ಕೈ ತೂರುತ್ತೆ, ಬೇಕಾದಾಗ ಈಚೆಗೆ ಬರುತ್ತೆ, ಬಳೆ ಮುಕ್ಕಾಗೋದಿಲ್ಲ. ಸಕ್ಕರೆಯಿಂದ ಆದದ್ದು ಅಂತೀಯ. ಸಕ್ಕರೆ ಬಳೆ."

ಅವಳ ಉಪನ್ಯಾಸಕ್ಕೆ ಚಪ್ಪಾಳೆಯೋ ಚಪ್ಪಾಳೆ. ಆ ಪದ ಕಾಲೇಜಲ್ಲೆಲ್ಲ ಓಡಾಡಿತು. ಮೇಷ್ಟ್ರಿಗೂ ಒಳಗೊಳಗೇ ಹಿಗ್ಗು. ಬಾಯಲ್ಲಿ ಇಡಲಾರದ ಸಕ್ಕರೆಗೆ ಹೆಸರನ್ನಾದರೂ ಇಟ್ಟೆನಲ್ಲ ಅನ್ನೋ ಹಿಗ್ಗು. ಈಗ ಅದೇ ಹೆಸರು ಅವರ ಮಂಚದ ಪಕ್ಕಕ್ಕೆ ಬಂದು ನೇತಾಡುತ್ತಿತ್ತು.

ಡಾಕ್ಟರ್ ಲಿಂಗರಾಜು ಬಂದರು. ದೊಡ್ಡ ಆಳು, ದೊಡ್ಡ ಗಂಟಲು, ಮನಸ್ಸು ಮೆತ್ತಗೆ. "ಏನ್ ಮೇಷ್ಟ್ರೇ, ಸಿಸ್ಟರ್‌ನ ವಾಪಸ್ ಕಳಿಸ್ಬುಟ್ರಂತೆ? ಶುಗರ್ ಏರುತ್ತೆ ಅಂತ ಭಯನಾ? ಅದು ಏರಲ್ಲ ಬುಡಿ. ಏರಿದ್ರೂ ಇಳಿಸಕ್ಕೆ ನಾನಿದೀನಿ."

"ಶುಗರ್‌ಗೆ ಅಲ್ಲ," ಅಂದರು ಮೇಷ್ಟ್ರು.

"ಮತ್ತೆ?"

ಮೇಷ್ಟ್ರು ಶಾಲನ್ನು ಕತ್ತಿನವರೆಗೆ ಎಳೆದುಕೊಂಡರು.

"ಮಾತ್ರೆ ಕೊಡೋಣ ಅಂದ್ರೆ ನುಂಗಿದ್ದೆಲ್ಲ ವಾಂತಿ ಮಾಡ್ಕೊತೀರಿ. ಬೇರೆ ಔಷಧಿ ಇಲ್ಲ ಅಂತಲ್ಲ, ಅದು ಈ ವಯಸ್ಸಿಗೆ ಸೀದಾ ಕಿಡ್ನಿ ಮೇಲೆ ಕೂರುತ್ತೆ. ಈ ಬೂಷ್ಟಿಗೆ ಇದೇ ಸರಿ." ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಡಾಕ್ಟರು ಚೂಡಾಮಣಿಯವರನ್ನು ಬಾಗಿಲಾಚೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದರು. "ಅಮ್ಮಾ, ನಿಮ್ಮತ್ರ ಮುಚ್ಚಿಟ್ಟು ಏನ್ ಪ್ರಯೋಜನ. ಇವತ್ತೇ ಶುರು ಆಗ್ಬೇಕು. ನಾಳೆ ನೋಡೋಣ, ನಾಡಿದ್ದು ನೋಡೋಣ ಅಂತ ಕೂತ್ರೆ ಕೈ ಮೀರಿ ಹೋಗುತ್ತೆ. ಮೇಷ್ಟ್ರು ಉಳಿಯಲ್ಲ."

ಉಳಿಯಲ್ಲ. ಎಷ್ಟು ಸಲೀಸಾಗಿ ಬರುತ್ತೆ ಈ ಮಾತು! ಚೂಡಾಮಣಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡರು.

ಒಳಗೆ ಅಪೂರ್ವ ತಾತನ ಕಿವಿಯ ಹತ್ತಿರ ಬಗ್ಗಿ ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಸುರಿಯುತ್ತಿದ್ದಳು. ಬಳೆಯ ಸಕ್ಕರೆ ರಕ್ತದಲ್ಲಿ ಬಿಚ್ಚಿಕೊಳ್ಳೋದಿಲ್ಲ ತಾತ, ಹೋದ ಹಾಗೇ ಈಚೆ ಬರುತ್ತೆ. ನಾಲಗೆಗೆ ತಗಲೋದೇ ಇಲ್ಲ. ಕೊನೆಗೆ ಒಂದು ಉಪಾಯ ಹೊಳೆದು ಅವಳ ಕಣ್ಣು ಮಿಂಚಿತು.

"ತಾತ, ಇದನ್ನ ಮಾಡೋದೇ ಪಿಷ್ಟದಿಂದ. ಜೋಳದ ಹಿಟ್ಟು ಇದ್ದಂಗೆ. ನೀವು ದಿನಾ ತಿನ್ನೋ ಅನ್ನ ಕೂಡ ಪಿಷ್ಟವೇ. ಪಿಷ್ಟದ ಬಳೆ ಅಂದ್ಕೊಂಡುಬಿಡಿ. ಆಗ ಪರವಾಗಿಲ್ವಾ?"

ಮೇಷ್ಟ್ರು ಕಣ್ಣು ತೆರೆದರು. ಅಷ್ಟು ಸುಸ್ತಿನಲ್ಲೂ ಮೇಷ್ಟರಗಿರಿ ಬಿಟ್ಟಿರಲಿಲ್ಲ.

"ಅವತ್ತು ಅಷ್ಟು ಯೋಚನೆ ಮಾಡಿ ಹೆಸರಿಟ್ಟದ್ದು ಯಾರು?"

"ನೀವೇ."

"ಸರಿಯಾಗಿತ್ತೋ, ತಪ್ಪಾಗಿತ್ತೋ?"

ಅಪೂರ್ವ ತುಟಿ ಕಚ್ಚಿದಳು. ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ. "ಸರಿಯಾಗೇ ಇತ್ತು ತಾತ."

"ಮತ್ತೆ ಈಗ ನನ್ನ ಕೈಗೆ ಚುಚ್ಚೋ ಹೊತ್ತಿಗೆ ಅದು ಜೋಳದ ಹಿಟ್ಟು ಆಗ್ಬಿಡುತ್ತಾ?" ಅಂದು ಕೆಮ್ಮಿದರು. ಕೆಮ್ಮು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಬಾಯಿಗೆ ಹಿಡಿದ ಕರ್ಚೀಫು ಕೆಂಪಾಯಿತು. ಸಿಂಚನ ಓಡಿ ಬಂದು ಆಕ್ಸಿಜನ್ ಹೆಚ್ಚು ಮಾಡಿದಳು.

"ಎಂಗಾರ ಮಾಡಿ ಒಪ್ಸಿ ಅಜ್ಜಿ," ಅಂತ ಪಿಸುಗುಟ್ಟಿದಳು ಆ ಹುಡುಗಿ. "ಬಾಟ್ಲಿ ಬದಲಾಯ್ಸಿದೀವಿ, ಇದು ಬೇರೆ ಔಷ್ದಿ ಅಂತ ಅಂದ್ಬುಡಣ. ಅವ್ರಿಗೇನ್ ಗೊತ್ತಾಯ್ತದೆ?"

ಚೂಡಾಮಣಿಗೆ ಆ ಮಾತು ಆಸೆ ಹುಟ್ಟಿಸಲಿಲ್ಲ ಅಂದರೆ ಸುಳ್ಳಾಗುತ್ತೆ. ಒಂದು ಸುಳ್ಳಿಗೆ ಗಂಡ ಉಳಿಯೋದಾದರೆ ಅದೇನು ದೊಡ್ಡ ಪಾಪ? ಆದರೆ ಈ ಮನುಷ್ಯನ ಜೊತೆ ಬಾಳುವೆ ಮಾಡಿದ್ದು ಅವರು, ಸಿಂಚನ ಅಲ್ಲ. ಇವತ್ತಲ್ಲ ನಾಳೆ ಗೊತ್ತಾಗುತ್ತೆ. ಗೊತ್ತಾದ ಮೇಲೆ ಅಪೂರ್ವಳಿಗೆ ಒಂದು ನೆಗಡಿ ಬಂದರೂ, ಅವಳ ಸ್ಕೂಟರು ಒಂದು ಸಲ ಜಾರಿದರೂ, 'ನನ್ನಿಂದ ಆಯ್ತು' ಅಂತ ಒಳಗೇ ಕೊರಗಿ ಸಾಯೋ ಪ್ರಾಣಿ. ಬೂಷ್ಟಿಗೆ ಔಷಧಿ ಇದೆ, ಆ ಕೊರಗಿಗೆ ಯಾವ ಲಿಂಗರಾಜು ಔಷಧಿ ಕೊಡ್ತಾನೆ?

"ಬೇಡ ಕಣಮ್ಮ," ಅಂದರು. "ಅದಾಗಲ್ಲ."

ಯಾಕೆಂದರೆ ಆ ಸಕ್ಕರೆಯ ಹಿಂದೆ ಒಂದು ಕಥೆ ಇತ್ತು, ಅದು ಗಂಡ ಹೆಂಡತಿ ಇಬ್ಬರಿಗೆ ಬಿಟ್ಟರೆ ಗಂಗೆಗೆ ಮಾತ್ರ ಗೊತ್ತಿತ್ತು.

ಇವರಿಬ್ಬರೂ ಕಾಶಿಗೆ ಹೋದಾಗ ಅಪೂರ್ವ ಇನ್ನೂ ಶಾಲೆಗೆ ಸೇರಿರಲಿಲ್ಲ. ಕಾಶಿಗೆ ಹೋದವರು ತಮಗೆ ಪ್ರಿಯವಾದದ್ದೊಂದನ್ನು ಗಂಗೆಯಲ್ಲಿ ಬಿಟ್ಟು ಬರಬೇಕು ಅನ್ನೋದು ಪದ್ಧತಿ. ನಮ್ಮ ಜನ ಏನು ಕಡಿಮೆ ಜಾಣರಾ? ಯಾರು ಯಾವ ತರಕಾರಿ ತಿನ್ನೋದಿಲ್ಲವೋ ಹುಡುಕಿ ಅದನ್ನೇ ಬಿಟ್ಟು ಬರುತ್ತಾರೆ. ಚೂಡಾಮಣಿ ಮೈಸೂರಲ್ಲಿ ರೈಲು ಹತ್ತುವಾಗಲೇ ಹಾಗಲಕಾಯಿ ಅಂತ ಗೊತ್ತು ಮಾಡಿಕೊಂಡಿದ್ದರು, ಅವರಿಗೆ ಅದರ ವಾಸನೆ ಕಂಡರೆ ಆಗದು. ಮೇಷ್ಟ್ರು ಸೀಮೆಬದನೆಕಾಯಿ ಅಂತಿದ್ದರು. ಇಬ್ಬರೂ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ನಕ್ಕಿದ್ದೇ ನಕ್ಕಿದ್ದು.

ಕಾಶಿ ಮುಟ್ಟಿದ ಸಾಯಂಕಾಲ ಛತ್ರಕ್ಕೆ ಮಗ ಪ್ರದ್ಯುಮ್ನನ ಫೋನು. ಮಗುವಿಗೆ ಜ್ವರ ತಲೆಗೇರಿದೆ, ಫಿಟ್ಸ್ ಬರ್ತಾ ಇದೆ, ಪ್ರಜ್ಞೆ ಇಲ್ಲ, ಡಾಕ್ಟರು ಏನೂ ಹೇಳ್ತಾ ಇಲ್ಲ. ವಾಪಸ್ ಹೊರಡೋಣ ಅಂದರೆ ಮಾರನೇ ದಿನದವರೆಗೆ ರೈಲಿಲ್ಲ. ಬೆಳಿಗ್ಗೆ ಘಾಟಿಗೆ ಹೋದರು, ಬೇರೇನು ಮಾಡಬೇಕೋ ತಿಳಿಯದೆ ಹೋದರು. ಪುರೋಹಿತರು ಏನು ಬಿಡ್ತೀರಿ ಅಂತ ಕೇಳಿದಾಗ ಚೂಡಾಮಣಿ ಅಳುತ್ತಲೇ ಹಾಗಲಕಾಯಿ ಅಂದರು. ಯೋಚಿಸಿ ಅಂದದ್ದಲ್ಲ, ಬಾಯಿಪಾಠವಾಗಿದ್ದದ್ದು ಬಾಯಿಗೆ ಬಂತು. ಮೇಷ್ಟ್ರು ಸೊಂಟದವರೆಗಿನ ನೀರಲ್ಲಿ ನಿಂತು ಗಂಗೆಯನ್ನೇ ನೋಡಿದರು. ಆಮೇಲೆ ಅಂದರು, "ಸಕ್ಕರೆ."

ಚೂಡಾಮಣಿಗೆ ಅಳು ನಿಂತುಹೋಯಿತು. ಸಕ್ಕರೆ ಅಂದರೆ ಈ ಮನುಷ್ಯನಿಗೆ ಪಂಚಪ್ರಾಣ. ಕಾಫಿ ಲೋಟದ ತಳದಲ್ಲಿ ಕರಗದೆ ಉಳಿದದ್ದನ್ನು ಬೆರಳಿಂದ ತೆಗೆದು ನೆಕ್ಕುತ್ತಿದ್ದವರು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕಲು ಕೂತರೆ ಆನೆಯ ಸೊಂಡಿಲು ಮುರೀತು, ನವಿಲಿನ ಬಾಲ ಮುರೀತು ಅಂತ ನೆಪ ಹೇಳಿ ಅರ್ಧ ಅಚ್ಚು ಅವರ ಹೊಟ್ಟೆಗೇ. ಅಂಥವರು ಕೈಯಲ್ಲಿ ನೀರು ತಗೊಂಡು, "ಮಗು ಉಳೀಲಿ. ಇನ್ನು ಸಕ್ಕರೆ ನನ್ನ ಮೈಗೆ ಬೇಡ," ಅಂತ ಬಿಟ್ಟರು. ಅವತ್ತೇ ಸಂಜೆ ಮತ್ತೆ ಫೋನು ಬಂತು. ಅಪೂರ್ವ ಕಣ್ಣು ಬಿಟ್ಟು ನೀರು ಕೇಳಿದ್ದಳು.

ಅದು ಔಷಧಿಯಿಂದ ಆಯಿತೋ ಸಕ್ಕರೆಯಿಂದ ಆಯಿತೋ ಯಾರು ಹೇಳಬೇಕು? ಮೇಷ್ಟ್ರಿಗೆ ಸಂಶಯವೇ ಇರಲಿಲ್ಲ. ವಾಪಸ್ ಬರುವಾಗ ರೈಲಿನಲ್ಲಿ ಹೆಂಡತಿಯ ಕೈ ಹಿಡಿದುಕೊಂಡು ಒಂದೇ ಮಾತು ಅಂದಿದ್ದರು. "ಚೂಡಾ, ಇದು ಮಗೂಗೆ ಯಾವತ್ತೂ ಗೊತ್ತಾಗಬಾರದು. ತಾನು ಬದುಕಿರೋದಕ್ಕೆ ಇನ್ಯಾರೋ ಬಾಯಿ ಕಟ್ಟಿಕೊಂಡಿದಾರೆ ಅಂತ ಗೊತ್ತಾದ್ರೆ ಅದು ನಕ್ಕೊಂಡು ಬೆಳೆಯೋದು ಹ್ಯಾಗೆ? ನನ್ನ ಮೇಲೆ ಆಣೆ ಮಾಡು." ಚೂಡಾಮಣಿ ಅವರ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ್ದರು.

ಈಗ ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಆ ಕೈಯನ್ನೇ ನೋಡಿಕೊಂಡರು. ಆಣೆ ಮುರಿದರೆ ಯಾರ ಮೇಲೆ ಆಣೆ ಇಟ್ಟೆವೋ ಅವರ ತಲೆಗೆ ಬರುತ್ತೆ ಅಂತಾರೆ. ಮುರಿಯದಿದ್ದರೆ? ಇವತ್ತು ಸಂಜೆಗೋ ನಾಳೆಗೋ ಆ ತಲೆಯೇ ಇರೋದಿಲ್ಲ. ಇದೆಂಥ ನ್ಯಾಯ ಅಂತ ಅವರಿಗೆ ಕೋಪ ಬಂತು. ಗಂಡನ ಮೇಲೆ, ಕಾಶಿಯ ಮೇಲೆ, ಆ ಹಾಳು ಬೂಷ್ಟಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಇಷ್ಟು ವರ್ಷ ಜಾಣೆಯ ಹಾಗೆ ಹಾಗಲಕಾಯಿ ಬಿಟ್ಟುಕೊಂಡು ಕೂತಿದ್ದ ತಮ್ಮ ಮೇಲೆ.

"ಅಪೂರ್ವ, ಬಾ ಇಲ್ಲಿ," ಅಂತ ಕರೆದು ಆಸ್ಪತ್ರೆಯ ಹಿಂದೆ ಸ್ಕೂಟರುಗಳು ನಿಲ್ಲೋ ಜಾಗಕ್ಕೆ ಕರೆದುಕೊಂಡು ಹೋದರು. ಅಲ್ಲೊಂದು ಹೊಂಗೆ ಮರ, ಕೆಳಗೆ ಸಿಮೆಂಟು ಕಟ್ಟೆ.

"ಅಜ್ಜಿ, ಮಾತ್ರೆಗಳಲ್ಲೂ ಎಷ್ಟೋ ಸಲ ಹಾಲಿನ ಸಕ್ಕರೆ ಹಾಕಿರ್ತಾರೆ ಕಣೇ," ಅಂದಳು ಅಪೂರ್ವ, ಇನ್ನೂ ವಾದದ ಗುಂಗಿನಲ್ಲೇ. "ಇಷ್ಟು ವರ್ಷ ಜ್ವರಕ್ಕೆ ನುಂಗಿದಾರಲ್ಲ, ಅದನ್ನ ಹೇಳಿದ್ರೆ..."

"ಹೇಳಿದ್ಯೋ, ನಿನ್ನ ನಾಲಗೆ ಕತ್ತರಿಸಿಬಿಡ್ತೀನಿ!" ಅಂತ ಚೂಡಾಮಣಿ ಗದರಿದರು. ಆ ದನಿಗೆ ಸ್ಕೂಟರು ತೆಗೆಯುತ್ತಿದ್ದವನೊಬ್ಬ ತಿರುಗಿ ನೋಡಿದ. "ಕೂತ್ಕೋ. ಬಾಯಿ ಮುಚ್ಚಿಕೊಂಡು ಕೇಳು. ನಿನಗೆ ಅದು ಬರೋದಿಲ್ಲ, ಆದ್ರೂ ಇವತ್ತೊಂದು ದಿನ ಪ್ರಯತ್ನ ಮಾಡು."

ಹೇಳಿದರು. ಘಾಟಿನಿಂದ ರೈಲಿನವರೆಗೆ ಎಲ್ಲ ಹೇಳಿದರು. ಹಾಗಲಕಾಯಿಯನ್ನೂ ಬಿಡಲಿಲ್ಲ.

ಅಪೂರ್ವ ಮೊದಲು ನಕ್ಕಳು, ಇದೇನೋ ತಮಾಷೆ ಅನ್ನೋ ಹಾಗೆ. ಅಜ್ಜಿಯ ಮುಖ ನೋಡಿ ನಗು ನಿಂತಿತು. ಆಮೇಲೆ ಸಿಟ್ಟು ಬಂತು. "ಯಾರು ಕೇಳಿದ್ರು ಇವರನ್ನ? ನನಗೆ ವಾಸಿಯಾದದ್ದು ಡಾಕ್ಟರು ಕೊಟ್ಟ ಔಷಧಿಯಿಂದ!" ಅಂತ ಕಟ್ಟೆಗೆ ಗುದ್ದಿದಳು. ಆಮೇಲೆ ಅದೂ ಇಳಿಯಿತು. ಇಳಿದು, ದನಿಯೇ ಇಲ್ಲದ ದನಿಯಲ್ಲಿ ಅಂದಳು, "ಅಜ್ಜಿ, ನನ್ನ ಹುಟ್ಟುಹಬ್ಬಕ್ಕೆಲ್ಲ ಪಾಯಸ ಮಾಡ್ತಿದ್ಯಲ್ಲ. ನಾನು ಚಮಚ ತಗೊಂಡು ಅವರ ಬಾಯಿ ಹತ್ರ ಹಿಡೀತಿದ್ದೆ. ಅವರು ತಲೆ ಅಲ್ಲಾಡಿಸೋರು. ನಾನು ಸಪ್ಪೆ ತಾತ, ಸಪ್ಪೆ ತಾತ ಅಂತ..." ಮುಂದೆ ಹೇಳಲಾಗದೆ ಅಜ್ಜಿಯ ಮಡಿಲಿಗೆ ಮುಖ ಹಾಕಿ ಬಿಕ್ಕಿ ಬಿಕ್ಕಿ ಅತ್ತಳು. ಚೂಡಾಮಣಿ ಬೆನ್ನು ತಟ್ಟುತ್ತಾ ಕೂತರು. ಅಳಲಿ ಅಂದುಕೊಂಡರು, ಆದರೆ ಬೇಗ ಅತ್ತು ಮುಗಿಸಲಿ, ಹೊತ್ತು ಇಲ್ಲ.

ಇಬ್ಬರೂ ಒಳಗೆ ಬಂದಾಗ ಮೇಷ್ಟ್ರು ಎಚ್ಚರವಾಗಿದ್ದರು. ಮೊಮ್ಮಗಳ ಕೆಂಪಾದ ಕಣ್ಣು ನೋಡಿದರು, ಹೆಂಡತಿಯ ಬಿಗಿದ ತುಟಿ ನೋಡಿದರು. ನಲವತ್ತೈವತ್ತು ವರ್ಷದ ಸಂಸಾರ, ಅರ್ಥವಾಗೋದಕ್ಕೆ ಇನ್ನೇನು ಬೇಕು?

"ಹೇಳಿದೆಯಾ?"

"ಹೇಳಿದೆ."

"ನನ್ನ ಮೇಲೆ ಆಣೆ ಇಟ್ಟಿದ್ದೆ ಚೂಡಾ."

"ಇಟ್ಟಿದ್ದೆ, ಮುರಿದೆ. ಏನಾಯ್ತು ಈಗ?" ಚೂಡಾಮಣಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು. "ಆಣೆ ಮುರಿದು ಅರ್ಧ ಗಂಟೆ ಆಯ್ತು. ನೀವಿನ್ನೂ ಕೂತು ನನ್ನನ್ನ ಗುರಾಯಿಸ್ತಾ ಇದೀರಿ. ಗಂಗಮ್ಮನಿಗೆ ಬೇರೆ ಕೆಲಸ ಇಲ್ವಾ, ನಮ್ಮ ಬಾಯಿ ಕಾಯ್ಕೊಂಡು ಕೂರೋದಕ್ಕೆ?"

ಮೇಷ್ಟ್ರಿಗೆ ನಗು ಬರೋ ಹಾಗಾಯಿತು, ಬರಲಿಲ್ಲ. "ನನ್ನ ತಲೆ ಹೋದ್ರೆ ಹೋಗಲಿ. ಅದು ಬೇರೆ. ಇದು..." ಅಂತ ಅಪೂರ್ವಳ ಕಡೆ ಕೈ ತೋರಿಸಿದರು. ಅಷ್ಟು ವಯಸ್ಸಾದ ಮನುಷ್ಯ ಹೆದರಿದ್ದರು, ಪಾಪಕ್ಕಲ್ಲ, ನರಕಕ್ಕಲ್ಲ. ಎದುರಿಗೆ ನಿಂತ ಆ ಹುಡುಗಿ ಮತ್ತೆ ಕಣ್ಣು ಮುಚ್ಚಿಬಿಟ್ಟರೆ ಅಂತ, ಅಷ್ಟು ವರ್ಷದಿಂದ ದಿನಾ ಹೆದರಿಕೊಂಡೇ ಇದ್ದರು. ಜೊತೆಯಲ್ಲೇ ಇದ್ದ ಚೂಡಾಮಣಿಗೂ ಆ ಹೆದರಿಕೆ ಇಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ.

ಅಪೂರ್ವ ಮಂಚದ ಮೇಲೆ, ಅವರ ಕಾಲಿನ ಹತ್ತಿರ ಕೂತಳು. ಬಳೆಯ ಮಾತೆತ್ತಲಿಲ್ಲ, ಪಿಷ್ಟದ ಮಾತೆತ್ತಲಿಲ್ಲ.

"ತಾತ, ಈ ಔಷಧಿ ತಗೊಂಡ್ರೆ ನನಗೇನಾದ್ರೂ ಆಗುತ್ತೆ ಅಂತ ತಾನೇ ನಿಮಗೆ ಭಯ?"

ಮೇಷ್ಟ್ರು ಹೌದು ಅನ್ನೋ ಹಾಗೆ ತಲೆಯಾಡಿಸಿದರು.

"ತಗೊಳ್ದೆ ಇದ್ರೆ ನನಗೆ ಏನಾಗುತ್ತೆ ಅಂತ ಯೋಚನೆ ಮಾಡಿದೀರಾ? ನೀವು ಹೋಗ್ತೀರಿ ತಾತ. ನನಗೋಸ್ಕರ ಹೋದಿರಿ ಅಂತ ನನಗೆ ಗೊತ್ತಿರುತ್ತೆ. ಅದಕ್ಕಿಂತ ಕೆಟ್ಟದ್ದು ನನಗೆ ಇನ್ನೇನಾಗಬೇಕು? ನೀವು ಯಾವುದು ಆಗಬಾರದು ಅಂತ ಬಾಯಿ ಕಟ್ಟಿಕೊಂಡ್ರೋ, ಅದೇ ಆಗುತ್ತೆ."

ಮೇಷ್ಟ್ರು ಮೊಮ್ಮಗಳನ್ನು ನೋಡಿದರು, ನೋಡುತ್ತಲೇ ಇದ್ದರು. ಕಣ್ಣಿಂದ ನೀರು ಇಳಿದು ಗಡ್ಡದ ಕೂಳೆಯಲ್ಲಿ ಇಂಗಿತು. ಒರೆಸಿಕೊಳ್ಳಲಿಲ್ಲ.

"ನಾನು ಕೊಟ್ಟ ಮಾತು," ಅಂದರು ಕೊನೆಗೆ.

"ನನಗೋಸ್ಕರ ಕೊಟ್ಟದ್ದು. ನಾನೇ ಬೇಡ್ತಾ ಇದೀನಿ, ವಾಪಸ್ ತಗೊಳಿ."

ಶಾಲು ಅಲ್ಲಾಡಿತು. ಸೂಜಿ ಅಂಟಿಸಿದ್ದ ಕೈ ಮೆಲ್ಲಗೆ ಈಚೆಗೆ ಬಂತು. ಚೂಡಾಮಣಿ ಬಾಗಿಲಿಗೆ ಓಡಿದರು, ಓಡುತ್ತಾ ಆ ಮೊಗಸಾಲೆ ಪೂರ್ತಿ ಕೇಳಿಸೋ ಹಾಗೆ ಕೂಗಿದರು, "ಸಿಂಚನಾ! ಬಾರಮ್ಮ ಬೇಗ, ಇವರ ಮನಸ್ಸು ಬದಲಾಗೋದರೊಳಗೆ ಬಾ!"

ಸಿಂಚನ ಬಂದು ಕೈ ಒರೆಸಿ, ಕೊಳವೆ ಜೋಡಿಸಿ, ಹನಿ ಬಿಡೋ ಚಕ್ರ ತಿರುಗಿಸಿದಳು. ಮೊದಲ ಹನಿ ತೊಟ್ಟಿಕ್ಕೋ ಮುಂಚೆ ಮೇಷ್ಟ್ರು ಇನ್ನೊಂದು ಕೈ ಎತ್ತಿ ತಡೆದರು. "ಒಂದ್ನಿಮಿಷ. ಪುಟ್ಟಿ, ನೀನು ಅಲ್ಲಲ್ಲ. ಇಲ್ಲಿ ಬಂದು ಕೂತ್ಕೋ. ನನ್ನ ಎದುರಿಗೆ, ಬೆಳಕಿಗೆ ಮುಖ ಮಾಡ್ಕೊಂಡು."

"ಯಾಕೆ ತಾತ?"

"ಕೂತ್ಕೋ ಅಂದ್ರೆ ಕೂತ್ಕೋ."

ಅವಳು ಸ್ಟೂಲು ಎಳೆದುಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಔಷಧಿ ಇಳಿಯತೊಡಗಿತು. ಡಾಕ್ಟರ್ ಲಿಂಗರಾಜು ಇಣುಕಿ ನೋಡಿ, ಏನನ್ನೂ ಕೇಳದೆ, ಚೂಡಾಮಣಿಗೆ ಕೈ ಮುಗಿದು ಹೋದರು. ಸ್ವಲ್ಪ ಹೊತ್ತಾಗಿರಬೇಕು, ಅಪೂರ್ವ ಮೂಗು ಮುದುರಿ ಕಟ್ಟಡ ಅದುರೋ ಹಾಗೆ ಒಂದು ಸೀನು ಸೀನಿದಳು.

"ನಿಲ್ಲಿಸಮ್ಮಾ!" ಅಂತ ಮೇಷ್ಟ್ರು ದಿಂಬು ಬಿಟ್ಟು ಎದ್ದೇಬಿಟ್ಟರು. "ಮುಚ್ಚು ಅದನ್ನ!"

"ಸ್ಪಿರಿಟ್ ವಾಸನೆ ತಾತ! ಸ್ಪಿರಿಟ್ ವಾಸನೆಗೆ ಸೀನು ಬಂತು, ಅಷ್ಟೆ!" ಅಪೂರ್ವ ನಗುತ್ತಾ, ಅಳುತ್ತಾ ಎರಡೂ ಕೈ ಎತ್ತಿ ತೋರಿಸಿದಳು. "ನೋಡಿ, ಚೆನ್ನಾಗಿದೀನಿ. ನೋಡಿ ಬೇಕಾದ್ರೆ."

ಮೇಷ್ಟ್ರು ಮತ್ತೆ ದಿಂಬಿಗೆ ಒರಗಿದರು. ಬಾಟಲಿ ಮುಗಿಯೋವರೆಗೆ ಅದರ ಕಡೆ ಒಂದು ಸಲವೂ ಕಣ್ಣು ಹಾಯಿಸಲಿಲ್ಲ. ತಮ್ಮ ಮೈಗೆ ಇಳಿಯುತ್ತಿದ್ದ ಒಂದೊಂದು ಹನಿಗೂ ಮೊಮ್ಮಗಳ ಮುಖವನ್ನೇ ನೋಡುತ್ತಿದ್ದರು, ಅವಳು ಉಸಿರಾಡುತ್ತಿದ್ದಾಳಾ ಅಂತ. ಅಪೂರ್ವ ಅವರಿಗೆ ಕಾಣಲಿ ಅಂತ ಎದೆ ಉಬ್ಬಿಸಿ ಉಬ್ಬಿಸಿ ದೊಡ್ಡದಾಗಿ ಉಸಿರಾಡುತ್ತಾ ಕೂತಿದ್ದಳು.